ಮಗ ಓಯಿಜಾ ಬೋರ್ಡ್ ತರಿಸಿದ್ದಾನೆ, ಅನುಭವ ಇದ್ದವರು ಹೇಳಿ

ಬೆಂದೂರಿನ ಅಮ್ಮ:
ಮಗ ಸೆಕೆಂಡ್ ಪಿಯುಸಿ. ಎರಡು ತಿಂಗಳಿಂದ ರಾತ್ರಿ ಎರಡು ಗಂಟೆವರೆಗೆ ದೆವ್ವ ಹುಡುಕುವವರ ವಿಡಿಯೊ ನೋಡ್ತಾನೆ. ಈಗ ಆನ್‌ಲೈನಿನಲ್ಲಿ 749 ರೂಪಾಯಿ ಕೊಟ್ಟು ಓಯಿಜಾ ಬೋರ್ಡ್ (ಸತ್ತವರ ಹತ್ರ ಮಾತಾಡ್ಲಿಕ್ಕೆ ಅಂತ ಅಕ್ಷರಗಳ ಮೇಲೆ ಸಣ್ಣ ಮಣೆ ಓಡಿಸುವ ಹಲಗೆ) ತರಿಸಿ ಇಬ್ಬರು ಫ್ರೆಂಡ್ಸ್ ಒಟ್ಟಿಗೆ ಎರಡು ಸಲ ಕೂತದ್ದೂ ಆಯ್ತು. ಕೇಳಿದ್ರೆ "ನಂಬಿಕೆ ಎಂತದ್ದೂ ಇಲ್ಲ ಮಮ್ಮಿ, ಬರೀ ಕುತೂಹಲ" ಅಂತಾನೆ. ಮೊನ್ನೆಯಿಂದ ಬೆಳಗಿನ ಜಾವ ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತದಂತೆ. ನಾವು ಕಥೋಲಿಕರು, ಇವರು ಮಸ್ಕತ್‌ನಲ್ಲಿ. ಬೋರ್ಡನ್ನು ಎಂತ ಮಾಡ್ಲಿ? ಯಾರ ಹತ್ರ ಹೋಗ್ಲಿ?

ದೊತೊರ್ನ್ ಟೀಚರ್:
ಅಕ್ಕ, "ಬರೀ ಕುತೂಹಲ" ಎಂಬ ಮಾತನ್ನೇ ಮೊದಲು ಹಿಡೀರಿ. ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಇದನ್ನು ಎರಡು ಭಾಗ ಮಾಡಿದ್ದಾರೆ. ಕಲಿಯುವ ಹಂಬಲ ಸದ್ಗುಣ. ಯಾರಿಂದ ಕಲಿಯಬಾರದೋ ಅವರ ಹತ್ರ ಕೇಳ್ಲಿಕ್ಕೆ ಹೋಗುವುದು ದುರ್ಗುಣ, ಮುಂದೆ ಆಗುವುದನ್ನು ದೆವ್ವದ ಹತ್ರ ವಿಚಾರಿಸುವುದು ಅದಕ್ಕೆ ಅವರೇ ಕೊಟ್ಟ ಉದಾಹರಣೆ. ಕಥೋಲಿಕ ಧರ್ಮೋಪದೇಶ ಪುಸ್ತಕದ 2116ನೇ ಅಂಶ ಓದಿಸಿ. ಜಾತಕ, ಕೈರೇಖೆ, ಸತ್ತವರನ್ನು ಕರೆಯುವುದು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಕಾಲದ ಮೇಲೂ ಮನುಷ್ಯರ ಮೇಲೂ ಹಿಡಿತ ಬೇಕೆಂಬ ಆಸೆ ಇದರ ಬೇರು ಅಂತ ಕಾರಣವನ್ನೂ ಕೊಟ್ಟಿದೆ.

ಪಾಪನಿವೇದನೆಗೆ ಕರ್ಕೊಂಡು ಹೋಗಿ, ಆದರೆ ಶನಿವಾರ ಸಂಜೆಯ ಸಾಲಿನಲ್ಲಿ ಬೇಡ. ಹಿಂದೆ ಹತ್ತು ಜನ ನಿಂತಿರ್ತಾರೆ, ಎರಡು ನಿಮಿಷದಲ್ಲಿ ಮುಗಿಸ್ಬೇಕಾಗ್ತದೆ. ವಿಗಾರರ (ನಿಮ್ಮ ಚರ್ಚಿನ ಮುಖ್ಯ ಗುರುಗಳ) ಹತ್ರ ಅರ್ಧ ಗಂಟೆ ಬೇರೆಯಾಗಿ ಕೇಳಿ. ಮಗ ಹೇಳಬೇಕಾದ್ದು ನಾಲ್ಕು: ಎಷ್ಟು ಸಲ ಕೂತ, ನೋಡಿದ್ದು ಮಾತ್ರವಾ ಪ್ರಶ್ನೆ ಕೇಳಿದ್ದೂ ಉಂಟಾ, ಬೇರೆಯವರನ್ನು ಕರೆದನಾ, "ಇಂಥದ್ದು ಕೊಡ್ತೇನೆ" ಅಂತ ಮಾತು ಕೊಟ್ಟನಾ. ನಾಲ್ಕನೆಯದನ್ನು ಹುಡುಗರು ನುಂಗಿಬಿಡ್ತಾರೆ. ಆಮೇಲೆ ದೀಕ್ಷಾಸ್ನಾನದ ಪ್ರತಿಜ್ಞೆಯನ್ನು ಹೊಸದಾಗಿ ಹೇಳಿಸಿ.

ಹೊಸ ಎಣ್ಣೆ:
ಪುಸ್ತಕದ ನಂಬರ್ ಓದಿಸಿದ್ರೆ ದೆವ್ವ ಓಡ್ತದಾ ಟೀಚರ್? ಬಾಗಿಲು ತೆರೆದದ್ದು ಯಾರು, ಒಳಗೆ ಬಂದದ್ದು ಎಂತದ್ದು ಅಂತ ಹೆಸರು ಹಿಡಿದು ಬಿಡಿಸ್ಬೇಕು. ಬೈಬಲಿನ ಮಾರ್ಕ 5ರಲ್ಲಿ ಯೇಸುಸ್ವಾಮಿ ದೆವ್ವದ ಹತ್ರ "ನಿನ್ನ ಹೆಸರೇನು" ಅಂತ ಕೇಳ್ಲಿಲ್ವಾ? ಕ್ರಮ ಉಂಟು ಅಕ್ಕ. ಮೂರು ದಿನ ಉಪವಾಸ, ಮೂರು ತಲೆಮಾರಿನಲ್ಲಿ ಯಾರ್ಯಾರು ಅಂಜನ, ಕವಡೆ, ತಾಯತ ಮಾಡಿಸಿದ್ರು ಅಂತ ಪಟ್ಟಿ, ಪ್ರತಿ ಹೆಸರಿಗೂ ಬೇರೆ ಬೇರೆ ತ್ಯಜಿಸುವ ಪ್ರಾರ್ಥನೆ. ಒಂದು ಬಿಟ್ಟುಹೋದ್ರೂ ಖಾಲಿ ಮನೆಗೆ ಏಳು ದೆವ್ವ ಒಟ್ಟಿಗೆ ವಾಪಸ್ ಬರ್ತವೆ, ಮತ್ತಾಯ 12. ಅರ್ಧ ಮಾಡಿ ನಿಲ್ಲಿಸಿದವರೇ ಹಾಳಾಗುವುದು.

ದೊತೊರ್ನ್ ಟೀಚರ್:
ಮಾರ್ಕ 5 ಓದಿದವರು ಮಾರ್ಕ 1 ಯಾಕೆ ಬಿಟ್ಟದ್ದು? ಅಲ್ಲಿ "ಸುಮ್ಮನಿರು" ಅಂತ ಬಾಯಿ ಮುಚ್ಚಿಸ್ತಾರೆ. ದೆವ್ವಗಳಿಗೆ ಮಾತಾಡ್ಲಿಕ್ಕೇ ಬಿಡ್ಲಿಲ್ಲ ಅಂತ 34ನೇ ವಚನ. ಬೈಬಲಿನಲ್ಲೇ ಫಿಲಿಪ್ಪಿ ಪಟ್ಟಣದ ಕಣಿ ಹೇಳುವ ಹುಡುಗಿ ಸಂತ ಪೌಲನ ಬಗ್ಗೆ ಹೇಳಿದ್ದು ನಿಜವೇ, ಆದರೂ ಅವನು ಅದನ್ನು ನಿಲ್ಲಿಸಿದ. ಆ ಕಡೆಯಿಂದ ಬರುವ ನಿಜವೂ ನಮಗೆ ಬೇಡ.

ದೆವ್ವ ಬಿಡಿಸುವ ಕ್ರಮ ಇರುವ 1614ರ ರೋಮನ್ ವಿಧಿಯಲ್ಲಿ ಅನುಮತಿ ಪಡೆದ ಗುರುವಿಗೇ ಕಟ್ಟು ಹಾಕಿದ್ದಾರೆ. ಕೇಳಬಹುದಾದ್ದು ಇಷ್ಟೇ: ಎಷ್ಟು ದೆವ್ವ, ಯಾವ ಹೆಸರು, ಯಾವಾಗ ಬಂದದ್ದು, ಯಾಕೆ. ಕುತೂಹಲದ ಪ್ರಶ್ನೆ, ಭವಿಷ್ಯ, ಗುಟ್ಟು ಒಂದೂ ಕೇಳುವ ಹಾಗಿಲ್ಲ. 1985ರಲ್ಲಿ ವ್ಯಾಟಿಕನ್ನಿನ ವಿಶ್ವಾಸ ವಿಭಾಗ ಬಿಷಪರಿಗೆ ಪತ್ರ ಬರೆದದ್ದೂ ನಿಮ್ಮಂಥ ದೆವ್ವ ಬಿಡಿಸುವ ಕೂಟಗಳ ಬಗ್ಗೆಯೇ. ಅಧಿಕಾರ ಇಲ್ಲದವರು ದೆವ್ವವನ್ನು ನೇರ ಮಾತಾಡಿಸಿ ಗುರುತು ಹುಡುಕುವ ಸಭೆ ನಡೆಸಬಾರದು ಅಂತ ಅದರಲ್ಲಿ ಉಂಟು. ಹುಡುಗ ಬೋರ್ಡಿನ ಹತ್ರ "ನೀನು ಯಾರು" ಅಂತ ಕೇಳಿದ, ನೀವು ಅವನ ತಲೆ ಮೇಲೆ ಕೈ ಇಟ್ಟು ಅದನ್ನೇ ಕೇಳ್ತೀರಿ. ಎಣ್ಣೆ ಬಾಟ್ಲಿ ಒಂದು ಹೆಚ್ಚು, ಅಷ್ಟೆ.

ಹೊಸ ಎಣ್ಣೆ:
ನಮಗೆ ವ್ಯಾಟಿಕನ್ ಪತ್ರ ಬರುವುದಿಲ್ಲ ಟೀಚರ್. ನಮ್ಮಲ್ಲಿ ಬಿಡುಗಡೆಗೆ ಹಣವೂ ಇಲ್ಲ, ಅರ್ಜಿಯೂ ಇಲ್ಲ. ಗೇಲಿ ಮಾಡ್ಬೇಡಿ.

ಬಲ್ಮಠ ಗುಡ್ಡೆ:
ಇಬ್ಬರೂ ಸ್ವಲ್ಪ ತಾಳಿ ಮಾರಾಯ್ರೆ. 1834ರಲ್ಲಿ ಮಂಗಳೂರಿಗೆ ಪಾದ್ರಿಗಳನ್ನು ಕಳಿಸಿದ ಅದೇ ಬಾಸೆಲ್ ಮಿಶನ್ ಮನೆಯಲ್ಲಿ ಆ ಕಾಲಕ್ಕೆ ಬ್ಲೂಮ್‌ಹಾರ್ಟ್ ಎಂಬ ಅಧ್ಯಾಪಕರಿದ್ದರು. ಆಮೇಲೆ ಜರ್ಮನಿಯ ಮ್ಯೋಟ್ಲಿಂಗೆನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದರು. 1842ರಿಂದ 1843ರ ಡಿಸೆಂಬರ್ ಕೊನೆವರೆಗೆ ಅಲ್ಲಿ ದೆವ್ವ ಹಿಡಿದಿದೆ ಎಂಬ ಒಬ್ಬ ಯುವತಿಯ ಪ್ರಕರಣ ಎಳೆಯಿತು. ಆ ಮನೆಗೆ ಒಬ್ಬರೇ ಹೋಗದೆ ಊರಿನ ಮುಖಂಡನನ್ನು ಸಾಕ್ಷಿಗೆ ಕರ್ಕೊಂಡು ಹೋಗ್ತಿದ್ದರು. ವೈದ್ಯರೂ ನೋಡ್ತಿದ್ದರು. ಪ್ರಾರ್ಥನೆ, ಉಪವಾಸ, ಅಷ್ಟೇ ಸಾಮಾನು. ಮುಗಿದ ಮೇಲೆ ಚರ್ಚಿನ ಮೇಲಿನವರು ಕೇಳಿದ್ದಕ್ಕೆ 1844ರಲ್ಲಿ ಗುಟ್ಟಿನ ವರದಿ ಕೊಟ್ಟರು. ಈಗಿನವರ ಹಾಗೆ ಮೈಕ್ ಹಾಕಿ ಲೈವ್ ಬಿಡಲಿಲ್ಲ.

ಆಚೆಯವರಿಗೆ ಹೆಸರಿನ ಪಟ್ಟಿ, ಈಚೆಯವರಿಗೆ ಲತೀನಿನ ನಿಯಮದ ಪಟ್ಟಿ. ಬೈಬಲಿನಲ್ಲಿ ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸ್ಲಿಕ್ಕೆ ಹೋದ ಸ್ಕೇವನ ಏಳು ಮಕ್ಕಳೂ ಸೂತ್ರ ಸರಿಯಾಗೇ ಹೇಳಿದ್ದರು. ಬಟ್ಟೆ ಇಲ್ಲದೆ ಓಡಿದರು.

ರಾತ್ರಿ ಪಾಳಿ:
ಎದೆ ಮೇಲೆ ಕೂತದ್ದರ ಬಗ್ಗೆ ಯಾರೂ ಮಾತಾಡ್ಲಿಲ್ಲವಲ್ಲ! ಅದಕ್ಕೆ ನಿದ್ರಾ ಪಾರ್ಶ್ವವಾಯು ಅಂತಾರೆ. ಕನಸಿನ ಹಂತದಲ್ಲಿ ಮೆದುಳು ಕೈಕಾಲಿನ ಸ್ನಾಯು ಸಡಿಲ ಬಿಟ್ಟಿರ್ತದೆ. ಅದೇ ಹೊತ್ತಿಗೆ ಎಚ್ಚರ ಆದ್ರೆ ಮೈ ಏಳುವುದಿಲ್ಲ, ಕನಸು ಕಣ್ಣೆದುರೇ ಮುಂದುವರಿತದೆ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಮಗ್ಗುಲಾಗಿ ಮಲಗಲಿ, ದಿನಾ ಒಂದೇ ಹೊತ್ತಿಗೆ, ಎಂಟು ಗಂಟೆ. ಫೋನ್ ಚಾರ್ಜಿಗೆ ಅಡುಗೆಮನೆಯಲ್ಲಿ ಇಡಿ. ಹಾಗೆ ಆದಾಗ ಪೂರ್ತಿ ಮೈ ಎಬ್ಬಿಸ್ಲಿಕ್ಕೆ ಹೋಗದೆ ಕಾಲಿನ ಒಂದು ಬೆರಳು ಅಲುಗಿಸಲಿ. ಯೂಟ್ಯೂಬಿನಲ್ಲಿ ಹಿಸ್ಟರಿ ಅಳಿಸಿ, ಆ ಚಾನೆಲ್‌ಗಳಿಗೆ "ಶಿಫಾರಸು ಬೇಡ" ಒತ್ತಿ. ಬರೀ ಅಳಿಸಿದ್ರೆ ವಾರದಲ್ಲಿ ಅದೇ ವಾಪಸ್.

ಎಚ್ಚರ ಇರುವಾಗಲೇ ಧ್ವನಿ ಕೇಳಿದ್ರೆ, ಸ್ನಾನ ಊಟ ಬಿಟ್ರೆ, ಇದ್ದಕ್ಕಿದ್ದ ಹಾಗೆ ಶೂನ್ಯ ನೋಡಿ ಬಾಯಿ ಚಪ್ಪರಿಸಿದ್ರೆ ಕಾಯ್ಬೇಡಿ, ಮನೋವೈದ್ಯರು ಅಥವಾ ನರರೋಗ ತಜ್ಞರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲಿ ಮಾತಾಡ್ತಾರೆ.

ಬೋರ್ಡಿನ ಮರ್ಮವನ್ನೂ ಅವನಿಗೆ ತೋರಿಸಿ. ಮೂವರ ಕಣ್ಣಿಗೂ ಬಟ್ಟೆ ಕಟ್ಟಿ, ಅವರಿಗೆ ಗೊತ್ತಾಗದ ಹಾಗೆ ಬೋರ್ಡನ್ನು ಅರ್ಧ ಸುತ್ತು ತಿರುಗಿಸಿ. ಮಣೆ ಮೊದಲು ಅಕ್ಷರ ಇದ್ದ ಜಾಗಕ್ಕೇ ಹೋಗಿ ಅರ್ಥ ಇಲ್ಲದ್ದನ್ನು ಬರೀತದೆ. ದೂಡುವುದು ಬೆರಳು, ದೂಡಿದ್ದು ಅವರಿಗೇ ಗೊತ್ತಿರುವುದಿಲ್ಲ. 1852ರಲ್ಲೇ ಕಾರ್ಪೆಂಟರ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ವಿವರಿಸಿದ್ದಾರೆ. ಓಯಿಜಾ ಬೋರ್ಡ್ ಹುಟ್ಟಿದ್ದೂ ಅಮೆರಿಕದ ಬಾಲ್ಟಿಮೋರಿನಲ್ಲಿ, ಆಟದ ಸಾಮಾನು ಅಂತ. ಪೇಟೆಂಟ್ 1891ರದ್ದು.

ದೊತೊರ್ನ್ ಟೀಚರ್:
ನಿದ್ದೆಯ ಮಾತು ಒಪ್ಪಿದೆ. ಪರೀಕ್ಷೆ ಬೇಡವೇ ಬೇಡ. ಸುಳ್ಳು ಅಂತ ತೋರಿಸ್ಲಿಕ್ಕೆ ಮೂರನೇ ಸಲ ಕೂರಿಸಿದ ಹಾಗಾಯ್ತು. ಮಣೆ ಬೆರಳಿನಿಂದ ಓಡಿದ್ರೂ ಹುಡುಗನ ಮನಸ್ಸು ಕೇಳಿದ್ದು ಸತ್ತವರ ಹತ್ರ ತಾನೇ?

ರಾತ್ರಿ ಪಾಳಿ:
ಭಯ ಹೋಗದೆ ನಿದ್ದೆ ಬರುವುದಿಲ್ಲ ಟೀಚರ್. ನಿಮ್ಮ ನಾಲ್ಕು ಪ್ರಶ್ನೆಯಿಂದ ಅವನಿಗೆ ಇನ್ನೂ ನಾಲ್ಕು ರಾತ್ರಿ ನಿದ್ದೆ ಇಲ್ಲ.

ಕಲ್ಯಾಣಪುರ:
ಮುಂದೆ ಹೋಗುವುದಾದ್ರೆ ಕಾಗದಪತ್ರದ ದಾರಿ ಗೊತ್ತಿರಲಿ. ದೊಡ್ಡ ಭೂತೋಚ್ಚಾಟನೆಗೆ ಬಿಷಪರ ಸ್ಪಷ್ಟ ಅನುಮತಿ ಬೇಕು, 1983ರ ಚರ್ಚ್ ಕಾನೂನು ಸಂಹಿತೆಯ 1172ನೇ ನಿಯಮ. ಅರ್ಜಿ ಹೋಗುವುದು ನಿಮ್ಮ ವಿಗಾರರ ಮೂಲಕ. ಬೆಂದೂರು ಮಂಗಳೂರು ಧರ್ಮಪ್ರಾಂತ್ಯ. ಉಡುಪಿ 2012ರಲ್ಲಿ ಬೇರೆ ಆಗಿದೆ, ನಮ್ಮ ಉಡುಪಿ ಕಡೆಯ ಗುರುಗಳನ್ನು ಹಿಡಿದು ಪ್ರಯೋಜನ ಇಲ್ಲ. ವೈದ್ಯರ ವರದಿ ಇಲ್ಲದೆ ಕಡತ ಅಲುಗುವುದಿಲ್ಲ. ಬೇಗನೆ ನಂಬಬೇಡ ಅಂತ 1614ರ ವಿಧಿಯೂ ಹೇಳ್ತದೆ. ಕಲಿಯದ ಭಾಷೆ ಮಾತಾಡುವುದು, ದೂರದ ಗುಟ್ಟು ಹೇಳುವುದು, ವಯಸ್ಸಿಗೆ ಮೀರಿದ ಬಲ: ಇವು ದೆವ್ವ ಹಿಡಿದ ಲಕ್ಷಣ. ನಿಮ್ಮ ಮಗನಿಗೆ ಒಂದೂ ಇಲ್ಲ.

ಕೇರಳದ ಪೋಟ್ಟ ಧ್ಯಾನಕೇಂದ್ರಕ್ಕೆ ಹೋಗಿ ಅಂತ ನೆಂಟರು ಹೇಳಿಯೇ ಹೇಳ್ತಾರೆ. ಧ್ಯಾನಕೂಟ ಭಾನುವಾರದಿಂದ ಶುಕ್ರವಾರ, ಐದು ದಿನ ಕಾಲೇಜು ಹೋಯ್ತು. ಹಾಜರಿ 75 ಶೇಕಡಾದ ಲೆಕ್ಕ ಮೊದಲೇ ಹಾಕಿ. ರಜೆಯಲ್ಲಿ ಆದೀತು.

ಯಾರಾದರೂ ಹೊಡೆದು, ಕಟ್ಟಿಹಾಕಿ ಬಿಡಿಸ್ತೇವೆ ಅಂದ್ರೆ ಸೀದಾ ಪೊಲೀಸರಿಗೆ. ಮಾಟ ಮಂತ್ರ ತಡೆಯ 2017ರ ರಾಜ್ಯ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷ ಜೈಲು. ಪಾಸ್ಟರ್, ಫಾದರ್, ಮಂತ್ರವಾದಿ ಅಂತ ಬೇಧ ಇಲ್ಲ.

ಹೊಸ ಎಣ್ಣೆ:
ಇದು ನನಗೆ ಹೇಳಿದ್ದಾ? ಮೂಲ ಬಿಟ್ಟು ಎಲ್ಲ ಮಾತಾಡ್ತೀರಿ. ಊರಿಡೀ ಭೂತದ ಗುಡಿ, ಕೋಲ. ಗಾಳಿಯಲ್ಲೇ ಉಂಟು.

ಬಲ್ಮಠ ಗುಡ್ಡೆ:
ಅದು ಬೇಡ. ತುಳುವಿನ ಭೂತ ದೈವ, ಬೈಬಲಿನ ದೆವ್ವ ಬೇರೆ. ಎರಡಕ್ಕೂ "ಡೆವಿಲ್" ಅಂತ ಇಂಗ್ಲಿಷಿನಲ್ಲಿ ಬರೆದವರು 19ನೇ ಶತಮಾನದವರು, ಅದರಲ್ಲಿ ನಮ್ಮ ಮಿಶನಿನವರೂ ಇದ್ದರು, ಒಪ್ತೇನೆ. ಪಕ್ಕದ ಮನೆಯವರ ನೇಮವನ್ನು ನಿಮ್ಮ ಪಟ್ಟಿಗೆ ಸೇರಿಸ್ಬೇಡಿ. ಹುಡುಗ ಬೋರ್ಡ್ ತರಿಸಿದ್ದು ಫೋನಿನಿಂದ, ಗುಡಿಯಿಂದ ಅಲ್ಲ.

ಬೆಂದೂರಿನ ಅಮ್ಮ:
ಬೋರ್ಡ್? ವಾಪಸ್ ಕಳಿಸ್ಲಿಕ್ಕೆ ನಾಡಿದ್ದಿನವರೆಗೆ ಟೈಮ್ ಉಂಟು, ದುಡ್ಡು ಪೂರ್ತಿ ಬರ್ತದೆ.

ದೊತೊರ್ನ್ ಟೀಚರ್:
ಕಳಿಸ್ಬೇಡಿ, ಇನ್ನೊಬ್ಬರ ಮಗನ ಕೈಗೆ ಹೋಗ್ತದೆ. ಬೈಬಲಿನಲ್ಲಿ ಎಫೆಸ ಪಟ್ಟಣದವರು ಮಾಟದ ಪುಸ್ತಕ ಸುಟ್ಟಾಗ ಲೆಕ್ಕ ಹಾಕಿದ್ರೆ 50,000 ಬೆಳ್ಳಿ ನಾಣ್ಯದ್ದಿತ್ತು. ಒಂದು ನಾಣ್ಯ ಅಂದ್ರೆ ಹತ್ತಿರ ಹತ್ತಿರ ಒಂದು ದಿನದ ಕೂಲಿ. ಯಾರೂ ಮಾರ್ಲಿಲ್ಲ. ನೀವು ನೋಡುವುದು 749.

ರಾತ್ರಿ ಪಾಳಿ:
ಸುಡ್ಲಿಕ್ಕೂ ಹೋಗ್ಬೇಡಿ. ಎಂಡಿಎಫ್ ಹಲಗೆಯ ಅಂಟು, ಮಣೆಯ ಪ್ಲಾಸ್ಟಿಕ್, ಹೊಗೆ ವಿಷ. ಗರಗಸದಲ್ಲಿ ನಾಲ್ಕು ತುಂಡು ಮಾಡಿ ಒಣ ಕಸಕ್ಕೆ. ತುಂಡು ಮಾಡುವುದು ಮಗನೇ ಮಾಡಲಿ.

ಕಲ್ಯಾಣಪುರ:
ಬಾಗಿಲಿಗೆ ಸಂತ ಬೆನೆಡಿಕ್ಟರ ಪದಕ ಹಾಕಿ.

ಬಲ್ಮಠ ಗುಡ್ಡೆ:
ತಾಯತ ಬೇಡ, ಪದಕ ಆಗ್ತದೆ. ಒಳ್ಳೆ ನ್ಯಾಯ.

ಕಲ್ಯಾಣಪುರ:
ಅದರ ಮೇಲಿರುವುದು ಪ್ರಾರ್ಥನೆಯ ಮೊದಲಕ್ಷರಗಳು ಸಾರ್, "ಹಿಂದೆ ಸರಿ ಸೈತಾನ" ಅಂತ. ಅರ್ಥ ಗೊತ್ತಿಲ್ಲದೆ ಕಟ್ಟಿದ್ರೆ ತಾಯತವೇ, ತಾಯತ ಕಟ್ಟುವುದು ತಪ್ಪು ಅಂತ ಧರ್ಮೋಪದೇಶದ 2117ನೇ ಅಂಶ ಹೇಳ್ತದೆ.

ಬೆಂದೂರಿನ ಅಮ್ಮ:
ಹಲಗೆ ತುಂಡಾಯ್ತು. ವಿಗಾರರು ಗುರುವಾರ ಸಂಜೆ ಐದೂವರೆಗೆ ಬರ್ಲಿಕ್ಕೆ ಹೇಳಿದ್ದಾರೆ. ಆದರೆ ಮಗ ನನ್ನ ಫೋನಿನಲ್ಲಿ ಇದನ್ನೆಲ್ಲ ಓದಿ ಈಗ ಬ್ಲೂಮ್‌ಹಾರ್ಟ್ ಬಗ್ಗೆ ಹುಡುಕ್ತಾ ಕೂತಿದ್ದಾನೆ.

ರಾತ್ರಿ ಪಾಳಿ:
ಗಂಟೆ ಎಷ್ಟು ಅಲ್ಲಿ?