ಮೂರು ಊರಿಗೊಂದು ಕಸದ ಘಟಕ: ಜಾಗ, ತೂಕ, ಲೆಕ್ಕ

ಪುಣೆ ಕನ್ನಡಿಗರ ಗುಂಪು, ಪರಿಸರ ಪ್ರಶ್ನೋತ್ತರ

ಪ್ರಶ್ನೆ (ಗ್ರಾಮ ಪಂಚಾಯತಿ ಸದಸ್ಯೆ, ಮಾವಳ ತಾಲೂಕು)

ಎಲ್ಲರಿಗೂ ನಮಸ್ಕಾರ ರೀ. ಇಂದ್ರಾಯಣಿ ನದಿ ದಂಡಿ ಮ್ಯಾಲೆ ನಮ್ಮ ಊರು, ಜನ 4,800. ಪಕ್ಕದ ಪಂಚಾಯತಿ 7,200, ಅದರಾಚೆ ನಗರ ಪಂಚಾಯತಿ 18,000. ಬ್ಯಾರೆ ಬ್ಯಾರೆ ಕಸದ ಘಟಕ ಯಾರ ಕೈಲೂ ಆಗೂದಿಲ್ಲ, ಮೂವರೂ ಕೂಡಿ ಒಂದು ಹಾಕೋಣ ಅಂತ ಮಾತು ನಡದದ. ಎಷ್ಟು ಜಾಗ ಬೇಕು, ಯಾರ ಪಾಲು ಎಷ್ಟು, ಮುಂದ ಜಗಳ ಆಗದಂಗ ಏನೇನು ಬರಸ್ಕೋಬೇಕು? ಮಾಝೀ ವಸುಂಧರಾ (ಮಹಾರಾಷ್ಟ್ರ ಸರಕಾರದ ಪರಿಸರ ಸ್ಪರ್ಧೆ) ಅಂಕ ಮೂವರಿಗೂ ಬೇಕು. ಒಬ್ಬ ಕಂಪನಿಯವರು 24 ತಾಸಿನಾಗ ಗೊಬ್ಬರ ಮಾಡೋ ಮಷೀನು ತೋರಿಸಿ ಹೋಗ್ಯಾರ. ಅದನ್ನ ತಗೊಂಡ್ರ ಜಾಗದ ತಾಪತ್ರಯನ ಇಲ್ಲ ಅಂತಾರ.

ಉತ್ತರ (ಪರಿಸರ ಎಂಜಿನಿಯರ್, ಕಸ ಸಂಸ್ಕರಣಾ ಘಟಕಗಳ ವಿನ್ಯಾಸ)

ಅಕ್ಕಾರ, ಮಷೀನಿನ ಮಾತು ಮೊದಲು ಮುಗಿಸಿಬಿಡೋಣ. 24 ತಾಸಿನಲ್ಲಿ ಆ ಮಷೀನು ಮಾಡುವುದು ಒಣಗಿಸಿ ಪುಡಿ ಮಾಡುವ ಕೆಲಸ. ಸೂಕ್ಷ್ಮಜೀವಿಗಳು ಕಸವನ್ನು ತಿಂದು ಮುಗಿಸಲು ವಾರಗಳು ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಆ ಪುಡಿಗೆ ನೀರು ಬಿದ್ದ ಕೂಡಲೇ ಮತ್ತೆ ಬಿಸಿಯಾಗಿ ನಾರುತ್ತದೆ, ಹೊಲಕ್ಕೆ ಹಾಕಿದರೆ ಬೇರು ಸುಡುತ್ತದೆ. ಕರೆಂಟ್ ಬಿಲ್ಲು ಬೇರೆ. ಹೋಟೆಲಿಗೋ ಸೊಸೈಟಿಗೋ ಒಂದು ಮಟ್ಟಿಗೆ ಆದೀತು. ಆದರೆ ಅಲ್ಲಿಯೂ ಆ ಪುಡಿಯನ್ನು ಆಮೇಲೆ ಕೊಳೆಸಲೇಬೇಕು.

ಈಗ ಪ್ರಮಾಣ. ಹಳ್ಳಿಯಲ್ಲಿ ತಲೆಗೆ ದಿನಕ್ಕೆ 250 ಗ್ರಾಂ, ಸಣ್ಣ ಪಟ್ಟಣದಲ್ಲಿ 350 ಗ್ರಾಂ ಹಿಡಿಯಿರಿ. ನಿಮ್ಮದು 1,200 ಕೆಜಿ, ಪಕ್ಕದ ಊರಿನದು 1,800 ಕೆಜಿ, ನಗರ ಪಂಚಾಯತಿಯದು 6,300 ಕೆಜಿ. ಒಟ್ಟು 9.3 ಟನ್. ಇದು ಅಂದಾಜು ಮಾತ್ರ. ಠರಾವು ಮಾಡುವ ಮೊದಲು ಮೂರೂ ಊರಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ದಿನ ಪ್ರತಿ ಘಂಟಾಗಾಡಿಯನ್ನೂ (ಮನೆಮನೆಯ ಕಸ ಎತ್ತುವ ಗಾಡಿ) ತೂಗಿಸಿ. ಸಂತೆಯ ದಿನ ಬಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ.

ಇದರಲ್ಲಿ ಹಸಿ ಕಸ ನೂರಕ್ಕೆ ಸುಮಾರು 55 ಪಾಲು, ಅಂದರೆ 5.1 ಟನ್. ತೆರೆದ ಸಾಲು ಪದ್ಧತಿಯಲ್ಲಿ, ಅಂದರೆ ಕಸವನ್ನು ಉದ್ದ ಗುಡ್ಡೆಯಾಗಿ ಒಟ್ಟಿ ಕೊಳೆಸಿ, ಗೊಬ್ಬರ ಮಾಡುವುದಾದರೆ ಅದು ದಿನಕ್ಕೆ 10 ಘನ ಮೀಟರ್ ಆಗುತ್ತದೆ. ಮೂರು ಪಾಲು ಹಸಿ ಕಸಕ್ಕೆ ಒಂದು ಪಾಲು ಒಣ ಪದಾರ್ಥ ಬೆರೆಸಬೇಕು, ಹಾಗಾಗಿ 13 ಘನ ಮೀಟರ್. ವಾರಕ್ಕೆ ಒಂದು ಸಾಲು: ಬುಡದಲ್ಲಿ 3 ಮೀಟರ್, ತಲೆಯಲ್ಲಿ 1 ಮೀಟರ್, ಎತ್ತರ 1.5 ಮೀಟರ್, ಉದ್ದ 30 ಮೀಟರ್. ಅಂಥ ಐದು ಸಾಲು, ನಡುವೆ ಎರಡೂವರೆ ಮೀಟರ್ ದಾರಿ, ಎರಡು ತುದಿಯಲ್ಲಿ ಜೆಸಿಬಿ ತಿರುಗಲು ಜಾಗ ಸೇರಿಸಿದರೆ 1,100 ಚದರ ಮೀಟರ್, ಸುಮಾರು 11 ಗುಂಠೆ. ಇದಿಷ್ಟಕ್ಕೂ ಚಾವಣಿ ಬೇಕೇ ಬೇಕು. ಮಾವಳದ ಮಳೆಯಲ್ಲಿ ಚಾವಣಿಯಿಲ್ಲದ ಸಾಲು ಜುಲೈ ಹೊತ್ತಿಗೆ ಕೆಸರಾಗುತ್ತದೆ, ಕಪ್ಪು ನೀರು ಹರಿದು ನೇರ ನದಿಗೆ ಸೇರುತ್ತದೆ. ನೆಲ ಕಾಂಕ್ರೀಟಿನದಾಗಿ, ನೂರಕ್ಕೆ ಒಂದು ಇಳಿಜಾರಿಟ್ಟು, ಇಳಿದ ನೀರು ಒಂದು ತೊಟ್ಟಿಗೆ ಬರಲಿ. ಸಾಲು ಒಣಗಿದಾಗ ಅದೇ ನೀರನ್ನು ಮೇಲೆ ಚಿಮುಕಿಸಬಹುದು. ಮಾಗಿಸುವುದು, ಜರಡಿ ಹಿಡಿಯುವುದು, ಒಣಕಸದ ಶೆಡ್ಡು, ತೂಕದ ಕಟ್ಟೆ, ಸುತ್ತ ಗಿಡಗಳ ಪಟ್ಟಿ ಎಲ್ಲ ಸೇರಿ ಒಂದು ಎಕರೆ ಸಾಕು.

ಒಣ ಪದಾರ್ಥಕ್ಕೆ ನಿಮ್ಮ ಕಡೆ ಕೊರತೆಯಿಲ್ಲ, ಇಂದ್ರಾಯಣಿ ಅಕ್ಕಿ ಬೆಳೆಯುವ ಸೀಮೆ ಅದು. ಆದರೆ ಹೊಟ್ಟಿಗಿಂತ ಹುಲ್ಲು ಮೇಲು. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಅದು ಕರಗದೆ ಗೊಬ್ಬರದಲ್ಲಿ ಹಾಗೇ ಉಳಿಯುತ್ತದೆ. ಹುಲ್ಲನ್ನು ಎರಡು ಬೆರಳುದ್ದ ಕತ್ತರಿಸಿ ಹಾಕಿ, ದಿನಕ್ಕೆ 200 ಕೆಜಿಯ ಆಸುಪಾಸು ಬೇಕು. ಕಟಾವಿನ ಹೊತ್ತಿಗೇ ಸಂಗ್ರಹಿಸಿ. ಮಳೆಗಾಲದಲ್ಲಿ ಹುಡುಕಿದರೆ ದನಕ್ಕೇ ಸಿಗುವುದಿಲ್ಲ, ಕಸಕ್ಕೆಲ್ಲಿ! ಜರಡಿಯ ಮೇಲೆ ಉಳಿದ ದಪ್ಪ ಚೂರುಗಳನ್ನೂ ಒಣಗಿದ ಎಲೆಗಳನ್ನೂ ಬೆರೆಸಿದರೆ ಹುಲ್ಲಿನ ಖರ್ಚು ತಗ್ಗುತ್ತದೆ.

ತೇವ ನೋಡಲು ಯಂತ್ರ ಬೇಡ. ಮುಷ್ಟಿಯಲ್ಲಿ ಹಿಂಡಿದರೆ ಬೆರಳಿನ ಸಂದಿಯಲ್ಲಿ ಒಂದೆರಡು ಹನಿ ಜಿನುಗಬೇಕು, ಧಾರೆ ಇಳಿಯಬಾರದು. ಮೂರನೇ ದಿನಕ್ಕೆ ಸಾಲಿನ ಹೊಟ್ಟೆ 55 ಡಿಗ್ರಿ ಮುಟ್ಟಬೇಕು. ಮುಟ್ಟದಿದ್ದರೆ ನೀರು ಹೆಚ್ಚಾಗಿದೆ ಇಲ್ಲವೇ ಗಾಳಿ ಆಡುತ್ತಿಲ್ಲ. ವಾರಕ್ಕೊಮ್ಮೆ ತಿರುವಿ, 65 ದಾಟಿದರೆ ಅಂದೇ ತಿರುವಿ. ಅಮೋನಿಯಾ ಘಾಟು ಬಂದರೆ ಹುಲ್ಲು ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ಐದು ವಾರ ಸಾಲಿನಲ್ಲಿ, ಆಮೇಲೆ ಎರಡು ಮೂರು ವಾರ ಮಾಗಲು ಬಿಟ್ಟು 4 ಮಿಲಿಮೀಟರ್ ಜರಡಿ. 5.1 ಟನ್ನಿಗೆ 800 ಕೆಜಿಯಿಂದ ಒಂದು ಟನ್ ಗೊಬ್ಬರ ಕೈಗೆ ಬರುತ್ತದೆ. ಮಾರಾಟದ ಹಣದಿಂದ ಘಟಕ ನಡೆಯುತ್ತದೆ ಎಂದು ಯಾರಾದರೂ ವರದಿಯಲ್ಲಿ ಬರೆದಿದ್ದರೆ ಆ ಪುಟ ಹರಿದು ಹಾಕಿ.

ಕೂಡುವುದರ ನಿಜವಾದ ಲಾಭ ಒಣಕಸದಲ್ಲಿದೆ. ಮಾರಾಟವಾಗದ ತೆಳು ಪ್ಲಾಸ್ಟಿಕ್ಕು, ಬಿಸ್ಕೀಟು-ಶಾಂಪೂ ಪೊಟ್ಟಣಗಳು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕು. ಕಾರ್ಖಾನೆಗಳಿರುವುದು ಚಂದ್ರಪುರ ಕಡೆ, ಇಲ್ಲವೇ ನಮ್ಮ ಕಲಬುರಗಿಯ ವಾಡಿ, ಸೇಡಂ, ಮಳಖೇಡ ಕಡೆ. ಇಂಥ ಮಾಲು ನಿಮ್ಮೊಂದೇ ಊರಿನದು ದಿನಕ್ಕೆ 90 ಕೆಜಿ ಎಂದಿಟ್ಟುಕೊಂಡರೆ 9 ಟನ್ ಲಾರಿ ತುಂಬಲು 100 ದಿನ. ಅಷ್ಟರಲ್ಲಿ ಇಲಿ ಬರುತ್ತದೆ, ಬೆಂಕಿಯೂ ಬೀಳುತ್ತದೆ. ಮೂರೂ ಊರು ಸೇರಿದರೆ 700 ಕೆಜಿ, ಹದಿಮೂರೇ ದಿನಕ್ಕೆ ಲಾರಿ ಹೊರಡುತ್ತದೆ. ಒತ್ತಿ ಬೇಲು ಕಟ್ಟಿದ ಮಾಲು ಮಾತ್ರ ಕಳಿಸಿ. ಸಡಿಲವಾಗಿ ತುಂಬಿದರೆ ಲಾರಿ ಬಾಡಿಗೆ ಗಾಳಿಗೆ ಕೊಟ್ಟಂತೆ.

ಅನುಮತಿಯಲ್ಲಿ ಒಂದು ಗಂಟಿದೆ. 2026ರಲ್ಲಿ ಹೊಸ ನಿಯಮ ಬರುವವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ 5 ಟನ್ ಮೀರಿದ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ಅನುಮತಿ ಬೇಕಿತ್ತು, ಸುತ್ತ ಕಟ್ಟಡ ಬರದಂತೆ ಬಫರ್ ಪಟ್ಟಿಯೂ ಬೇಕಿತ್ತು. ನಿಮ್ಮೆರಡು ಹಳ್ಳಿಗಳು ಒಂಟಿಯಾಗಿದ್ದರೆ ಆ ಮಿತಿಯೊಳಗೆ ಇರುತ್ತಿದ್ದವು, ಕೂಡಿದ ಕೂಡಲೇ ದಾಟುತ್ತೀರಿ. ಟೆಂಡರ್ ಕರೆಯುವ ಮೊದಲೇ ಮಂಡಳಿಯ ಪುಣೆ ಕಚೇರಿಯಲ್ಲಿ ಈಗ ಜಾರಿಯಲ್ಲಿರುವ ಅರ್ಜಿ ನಮೂನೆ ಕೇಳಿ ತನ್ನಿ. ಜಾಗ ನದಿಯ ಕೆಂಪು ರೇಖೆಯ, ಅಂದರೆ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹದ ಗಡಿಯ ಹೊರಗಿರಲಿ. ನಕಾಶೆ ನೀರಾವರಿ ಇಲಾಖೆಯಲ್ಲಿ ಸಿಗುತ್ತದೆ.

ಪ್ರಶ್ನೆ (ಅದೇ ಸದಸ್ಯೆ)

ಭಾಳ ಉಪಕಾರ ಆತು ಸರ್. ಜಾಗ ನಮ್ಮ ಊರಾಗನ ಅದ, ಗಾಯರಾನ, ಅಂದ್ರ ದನ ಮೇಯೋ ಸರಕಾರಿ ಜಾಗ. ಅದಕ್ಕ ನಮ್ಮ ಮಂದಿ "ಅವರ ಕಸ ನಮ್ಮ ಮನಿ ಮುಂದ ಯಾಕ" ಅಂತ ಕೇಳ್ತಾರ. ನಗರ ಪಂಚಾಯತಿಯವರು ಖರ್ಚು ಮೂರು ಸಮಪಾಲು ಮಾಡೋಣ ಅಂತಾರ.

ಉತ್ತರ (ನಿವೃತ್ತ ಲೆಕ್ಕಾಧಿಕಾರಿ, ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ)

ಸಮಪಾಲಿಗೆ ಒಪ್ಪಬೇಡಿ ತಾಯಿ. ನಿಮ್ಮ ಜನರ ಪ್ರಶ್ನೆಯೂ ಸರಿಯಾಗಿಯೇ ಇದೆ. ಪುಣೆಯ ಕಸವೆಲ್ಲ ಉರುಳಿ ದೇವಾಚಿ, ಫುರಸುಂಗಿಗೆ ಹೋಗಿ ಬಿದ್ದು, ಆ ಊರುಗಳ ಬಾವಿ ಕೆಟ್ಟು, ಜನ ಗಾಡಿಗಳನ್ನು ತಡೆದು ನಿಲ್ಲಿಸಿದ್ದು ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಆತಿಥ್ಯ ಕೊಟ್ಟ ಊರಿಗೆ ಬರಹದಲ್ಲಿ ಏನೂ ಇರದಿದ್ದರೆ ಕೊನೆಗೆ ಆಗುವುದು ಅದೇ. ಗಾಯರಾನ ಅಂದಿರಿ: ಗ್ರಾಮಸಭೆಯ ಠರಾವು ಒಂದೇ ಸಾಲದು, ಜಿಲ್ಲಾಧಿಕಾರಿಯ ಮಂಜೂರಿ ಬೇಕು. ಅದು ಕೈಗೆ ಬರುವವರೆಗೆ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಖರ್ಚನ್ನು ಎರಡು ಭಾಗ ಮಾಡಿ. ಕಸ ಬಂದರೂ ಬರದಿದ್ದರೂ ತಪ್ಪದ ಖರ್ಚು, ಅಂದರೆ ಕಾಯಂ ಸಂಬಳ, ಕಾವಲು, ವಿಮೆ, ಜನಸಂಖ್ಯೆಯ ಮೇಲೆ ಹಂಚಲಿ. ಡೀಸೆಲ್, ಜೆಸಿಬಿ, ಹುಲ್ಲು, ದಿನಗೂಲಿ ತೂಕದ ಮೇಲೆ. ತಿಂಗಳಿಗೆ 3 ಲಕ್ಷ ಖರ್ಚು, ಅದರಲ್ಲಿ 1,20,000 ಕಾಯಂ ಎಂದಿಟ್ಟುಕೊಳ್ಳಿ. ನಿಮ್ಮ ಜನಸಂಖ್ಯೆ ಒಟ್ಟಿನ ನೂರಕ್ಕೆ 16 ಪಾಲು, ಆದ್ದರಿಂದ 19,200. ಉಳಿದ 1,80,000ವನ್ನು ತಿಂಗಳ 279 ಟನ್ನಿಗೆ ಭಾಗಿಸಿದರೆ ಟನ್ನಿಗೆ 645 ರೂಪಾಯಿ. ನಿಮ್ಮ 36 ಟನ್ನಿಗೆ ಸುಮಾರು 23,200. ಒಟ್ಟು 42,400. ಸಮಪಾಲಾಗಿದ್ದರೆ ಒಂದು ಲಕ್ಷ ಕಟ್ಟುತ್ತಿದ್ದಿರಿ.

ತೂಕದ ಮೇಲೆ ದುಡ್ಡು ಎಂದ ಮೇಲೆ ತೂಕವೇ ಜಗಳದ ಮೂಲ. 3 ಟನ್ನಿನ ಪ್ಲಾಟ್‌ಫಾರ್ಮ್ ತಕ್ಕಡಿ ಸಣ್ಣ ಗಾಡಿಗೆ ಸಾಕು. ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಖಾಲಿ ಗಾಡಿಯ ತೂಕ ಒಮ್ಮೆ ಬರೆದಿಟ್ಟು ವರ್ಷವಿಡೀ ಅದನ್ನೇ ಕಳೆಯುವವರಿದ್ದಾರೆ. ಗಾಡಿಗೆ ಹಿಂದಿನಿಂದ ಹಲಗೆ ಕಟ್ಟಿದರೂ ಲೆಕ್ಕ ಕೆಡುತ್ತದೆ, ವಾರಕ್ಕೊಮ್ಮೆ ಖಾಲಿ ತೂಗಿ. ಮಳೆಗಾಲದಲ್ಲಿ ತಾಡಪತ್ರಿ ಹೊದಿಸದ ಗಾಡಿ ನೀರಿನ ತೂಕಕ್ಕೂ ದುಡ್ಡು ಕೊಡುತ್ತದೆ, ಅದು ಆ ಊರಿನದೇ ತಪ್ಪು ಎಂದು ಕರಾರಿನಲ್ಲಿ ಬರೆದಿಡಿ. ಚೀಟಿ ಮೂರು ಪ್ರತಿ: ಚಾಲಕನಿಗೆ, ಘಟಕಕ್ಕೆ, ಕಳಿಸಿದ ಊರಿಗೆ.

ಬೆರೆತ ಕಸಕ್ಕೆ ದರ ಒಂದೂವರೆ ಪಟ್ಟು ಇರಲಿ. ತೀರ್ಮಾನ ಕಣ್ಣಂದಾಜಿನಲ್ಲಿ ಬೇಡ. ವಾರಕ್ಕೆರಡು ಸಲ, ಮೊದಲೇ ಹೇಳದೆ, ಹಸಿ ಕಸದ ಒಂದು ಗಾಡಿಯನ್ನು ತಾಡಪತ್ರಿಯ ಮೇಲೆ ಸುರಿದು, ಕಲಸಿ ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದನ್ನು ತೆಗೆಯಿರಿ. 50 ಕೆಜಿ ಉಳಿಯುವವರೆಗೆ ಹೀಗೇ. ಅದರಲ್ಲಿ ಪ್ಲಾಸ್ಟಿಕ್ಕು, ಡೈಪರು, ಗಾಜು 5 ಕೆಜಿ ಮೀರಿದರೆ ದಂಡದ ದರ. ಆ ಹೊತ್ತಿಗೆ ಕಳಿಸಿದ ಊರಿನವರೊಬ್ಬರು ಅಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಫೋಟೋ ತೋರಿಸಿದರೂ ನಂಬುವುದಿಲ್ಲ.

ಕರಾರಿನಲ್ಲಿ ಇನ್ನೂ ಬೇಕಾದದ್ದು: ಜನ ಎಷ್ಟೇ ಇರಲಿ, ಸಮಿತಿಯಲ್ಲಿ ಊರಿಗೆ ಇಬ್ಬರೇ. ಪ್ರತ್ಯೇಕ ಬ್ಯಾಂಕ್ ಖಾತೆ, ಎರಡು ಸಹಿ. ಪ್ರತಿ ಊರೂ ಮೂರು ತಿಂಗಳ ಪಾಲನ್ನು ಮುಂಗಡ ಠೇವಣಿ ಇಡಬೇಕು. ಬಾಕಿ ಉಳಿಸಿಕೊಂಡವರ ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸುವ ಬದಲು ಠೇವಣಿಯಿಂದ ಮುರಿದುಕೊಳ್ಳಿ, ಗಾಡಿ ನಿಲ್ಲಿಸಿದರೆ ಕಸ ಹಳ್ಳಕ್ಕೆ ಹೋಗುತ್ತದೆ. ಬಿಟ್ಟು ಹೋಗುವವರು 12 ತಿಂಗಳ ನೋಟೀಸು ಕೊಡಬೇಕು. ನಿಮ್ಮ ಊರಿಗೆ ಟನ್ನಿಗೆ ಇಷ್ಟು ಎಂದು ಆತಿಥೇಯ ಶುಲ್ಕ, ರೈತರಿಗೆ ಪುಕ್ಕಟೆ ಗೊಬ್ಬರ, ವರ್ಷಕ್ಕೆರಡು ಸಲ ಸುತ್ತಲ ಬಾವಿಗಳ ನೀರಿನ ಪರೀಕ್ಷೆ ಘಟಕದ ಖರ್ಚಿನಲ್ಲಿ. ಪರೀಕ್ಷೆಯ ಮೊದಲ ವರದಿ ಘಟಕ ಶುರುವಾಗುವ ಮುಂಚಿನದಾಗಿರಬೇಕು.

ಬಂಡವಾಳದಲ್ಲಿ ಒಂದು ಎಚ್ಚರಿಕೆ. ನೀವು ಗ್ರಾಮವಿಕಾಸ ಇಲಾಖೆಯವರು, ಅವರು ನಗರವಿಕಾಸದವರು. ಸ್ವಚ್ಛ ಭಾರತದ ದುಡ್ಡೂ ಗ್ರಾಮೀಣ ಬೇರೆ, ನಗರ ಬೇರೆ. ಎರಡನ್ನೂ ಒಂದೇ ಗೋಡೆಗೆ ಹಾಕಿದರೆ ಬಳಕೆ ಪ್ರಮಾಣಪತ್ರ ಕೊಡುವಾಗ ಆಡಿಟ್ ಆಕ್ಷೇಪಣೆ ಗ್ಯಾರಂಟಿ. ಆಸ್ತಿಯನ್ನೇ ಹಂಚಿಕೊಳ್ಳಿ: ಗೊಬ್ಬರದ ಕಟ್ಟೆ, ತಕ್ಕಡಿ ನಗರ ಪಂಚಾಯತಿಯ ದುಡ್ಡಲ್ಲಿ, ಅವರ ರಜಿಸ್ಟರಿನಲ್ಲಿ. ಒಣಕಸದ ಶೆಡ್ಡು, ಗಾಡಿಗಳು ನಿಮ್ಮವು. ಸ್ವಚ್ಛ ಭಾರತ ಗ್ರಾಮೀಣ ಎರಡನೇ ಹಂತದ ಮಾನದಂಡದಲ್ಲಿ ಘನತ್ಯಾಜ್ಯಕ್ಕೆ 5,000 ಜನರವರೆಗಿನ ಊರಿಗೆ ತಲೆಗೆ 60 ರೂಪಾಯಿ, ಮೇಲ್ಪಟ್ಟದ್ದಕ್ಕೆ 45 ಇಟ್ಟಿದ್ದರು. ಆ ಲೆಕ್ಕಕ್ಕೆ ನಿಮಗೆ 2,88,000, ಪಕ್ಕದವರಿಗೆ 3,24,000, ಇದರಲ್ಲಿ ನೂರಕ್ಕೆ 30 ಹಣಕಾಸು ಆಯೋಗದ ಅನುದಾನದಿಂದ ಪಂಚಾಯತಿಯೇ ಹಾಕಬೇಕಿತ್ತು. ಇದು ಶೆಡ್ಡಿಗೇ ಸಾಲದು. ಅದಕ್ಕೇ ಪ್ಲಾಸ್ಟಿಕ್ ಘಟಕವನ್ನು ತಾಲೂಕಿನ ಲೆಕ್ಕದಲ್ಲಿ ಕೇಳಿ, ಅದಕ್ಕೆ ತಾಲೂಕಿಗೆ 16 ಲಕ್ಷದವರೆಗೆ ಇಟ್ಟಿದ್ದರು. ಬಿಡಿಒ ಮೂಲಕ ಜಿಲ್ಲಾ ಪರಿಷತ್ತಿಗೆ ಅರ್ಜಿ ಹೋಗಲಿ.

ಮಾಝೀ ವಸುಂಧರಾ ಮೌಲ್ಯಮಾಪನ ಪ್ರತಿ ಸಂಸ್ಥೆಗೂ ಪ್ರತ್ಯೇಕ. ಕರಾರಿನ ಪ್ರತಿ, ತೂಕದ ಚೀಟಿಗಳು, ಫೋಟೋಗಳು ಮೂರೂ ಕಚೇರಿಯಲ್ಲಿ ಇರಲಿ, ಭೂಮಿ ವಿಭಾಗದಡಿ ಪ್ರತಿಯೊಬ್ಬರೂ ತಮ್ಮ ಟನ್ನುಗಳನ್ನಷ್ಟೇ ತೋರಿಸಲಿ. ಮೂವರೂ 9.3 ಟನ್ ಬರೆದರೆ ಮೂವರದ್ದೂ ಬಿದ್ದುಹೋದೀತು.

ಪ್ರಶ್ನೆ (ಸೊಸೈಟಿ ಕಾರ್ಯದರ್ಶಿ, ತಳೇಗಾವ್)

ಇದೇ ರೀತಿ ಮೂರೂ ಊರಿನ ಚರಂಡಿ ನೀರಿಗೂ ಒಂದೇ ಶುದ್ಧೀಕರಣ ಘಟಕ ಮಾಡಬಹುದಲ್ಲವೇ? ಆಳಂದಿಯಲ್ಲಿ ನದಿಯ ಮೇಲೆ ನೊರೆ ಬಂದಾಗಲೆಲ್ಲ ಮೇಲಿನವರು ಕೆಳಗಿನವರನ್ನು, ಕೆಳಗಿನವರು ಮೇಲಿನವರನ್ನು ದೂರುವುದೇ ಆಗಿದೆ.

ಉತ್ತರ (ಪರಿಸರ ಎಂಜಿನಿಯರ್)

ಕಸ ರಸ್ತೆ ಇದ್ದ ಕಡೆ ಹೋಗುತ್ತದೆ, ಚರಂಡಿ ನೀರು ಇಳಿಜಾರಿದ್ದ ಕಡೆ. ಆದ್ದರಿಂದ ಎರಡಕ್ಕೂ ಒಂದೇ ಗುಂಪು ಹೊಂದುವುದಿಲ್ಲ. ನಗರ ಪಂಚಾಯತಿಯ 18,000 ಜನಕ್ಕೆ ತಲೆಗೆ 135 ಲೀಟರ್ ನೀರು, ಅದರ ನೂರಕ್ಕೆ 80 ಚರಂಡಿಗೆ ಎಂದು ಹಿಡಿದರೆ ದಿನಕ್ಕೆ ಸುಮಾರು 19 ಲಕ್ಷ ಲೀಟರ್. ಅದಕ್ಕೊಂದು ಘಟಕ ಬೇಕೇ ಬೇಕು. ಎರಡು ಹಳ್ಳಿಗಳದ್ದು 55 ಲೀಟರಿನ ಲೆಕ್ಕದಲ್ಲಿ ಐದೂಕಾಲು ಲಕ್ಷ. ಅದನ್ನು ಪಂಪು ಮಾಡಿ ಪಟ್ಟಣಕ್ಕೆ ಏರಿಸಿದರೆ ಕರೆಂಟ್ ಹೋದ ದಿನವೆಲ್ಲ ನದಿಗೇ. ಹಳ್ಳಿಯಲ್ಲಿ ಮನೆಮನೆಯ ಇಂಗುಗುಂಡಿ, ನಾಲೆಯ ಕೊನೆಯಲ್ಲಿ ಜೊಂಡು ನೆಟ್ಟ ಜಲ್ಲಿಹಾಸು ಸಾಕು. ಮೊದಲು ಒಂದು ತಿಳಿಗುಂಡಿ ಇರಲಿ, ಇಲ್ಲದಿದ್ದರೆ ಜಲ್ಲಿ ಕೆಸರು ಕಟ್ಟಿಕೊಳ್ಳುತ್ತದೆ.

ನೊರೆಯ ಮೂಲ ಸಾಬೂನು-ಡಿಟರ್ಜೆಂಟಿನ ಅಂಶ. ಅದು ಮನೆಗಳಿಂದಲೂ ಬರುತ್ತದೆ, ಕಾರ್ಖಾನೆಯ ಹೊಲಸು ನೀರಿನಿಂದಲೂ ಬರುತ್ತದೆ. ಬಂಧಾರದ ಮೇಲಿಂದ ನೀರು ಧುಮುಕಿದಲ್ಲಿ ಗಾಳಿ ಬೆರೆತು ನೊರೆ ಏಳುತ್ತದೆ. ನೊರೆ ಕಂಡಲ್ಲೇ ತಪ್ಪಿತಸ್ಥರಿದ್ದಾರೆ ಎಂದಲ್ಲ. ಲೋಣಾವಳಾ, ತಳೇಗಾವ್ ದಾಭಾಡೆ, ದೇಹೂ, ಪಿಂಪ್ರಿ ಚಿಂಚವಡ, ಆಳಂದಿ, ಇಷ್ಟು ಸ್ಥಳೀಯ ಸಂಸ್ಥೆಗಳು ಒಂದೇ ನದಿಯ ದಂಡೆಯಲ್ಲಿವೆ. ಜಂಟಿಯಾಗಿ ಮಾಡಬೇಕಾದದ್ದು ಮಾದರಿ ಪರೀಕ್ಷೆ: ಪ್ರತಿ ಗಡಿಯಲ್ಲಿ ನದಿ ಒಳಬರುವ ಜಾಗ, ಹೊರಹೋಗುವ ಜಾಗ, ಒಂದೇ ದಿನ, ಎರಡೂ ಕಡೆಯವರು ನಿಂತು. ಕರಗಿದ ಆಮ್ಲಜನಕದ ಬಾಟಲಿಗೆ ದಂಡೆಯಲ್ಲೇ ರಾಸಾಯನಿಕ ಹಾಕಿ ಕಟ್ಟಬೇಕು, ಪ್ರಯೋಗಾಲಯಕ್ಕೆ ಒಯ್ದು ಅಳೆದರೆ ಅಂಕಿ ಸುಳ್ಳಾಗುತ್ತದೆ. ಬಿಒಡಿ (ನೀರಿನ ಕೊಳಕನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಅಂದರೆ ಕೊಳಕಿನ ಅಳತೆ) ಬಾಟಲಿ ಮಂಜುಗಡ್ಡೆಯಲ್ಲಿ, 24 ತಾಸಿನೊಳಗೆ ಪ್ರಯೋಗಾಲಯ ತಲುಪಬೇಕು. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ನಿಮ್ಮ ಊರಿಗೆ ಬರುವಾಗ 6 ಇದ್ದು ಹೋಗುವಾಗ 14 ಆಗಿದ್ದರೆ ಆ 8 ನಿಮ್ಮದು. ಮಳೆ ಬಂದ ವಾರದ ಮಾದರಿ ತೆಗೆಯಬೇಡಿ, ಹರಿವು ಹೆಚ್ಚಿದಾಗ ಎಲ್ಲರೂ ಸಜ್ಜನರಾಗಿ ಕಾಣುತ್ತಾರೆ. ಮಾರ್ಚಿನಿಂದ ಮೇವರೆಗೆ ತಿಂಗಳಿಗೊಮ್ಮೆ ತೆಗೆಯಿರಿ, ಬೆಳಿಗ್ಗೆ ಬಟ್ಟೆ ಒಗೆಯುವ ಹೊತ್ತಿಗೊಂದು, ನಡುರಾತ್ರಿಗೊಂದು. ಕಾರ್ಖಾನೆಯ ನೀರು ಕದ್ದು ಬಿಡುವವರಿದ್ದರೆ ಎರಡನೆಯದರಲ್ಲಿ ಸಿಗುತ್ತಾರೆ.