‘ಡೆನ್ಸಿಟಿ’ಗೆ ಸಾಂದ್ರತೆ ಎನ್ನಬಹುದೇ?

ಪ್ರಶ್ನೆ: ಕಂಪ್ಯೂಟರ್ ಎಂಬ್ರಾಯ್ಡರಿಯ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ‘ಡೆನ್ಸಿಟಿ’ ಬಂದಲ್ಲೆಲ್ಲ ‘ಸಾಂದ್ರತೆ’ ಎಂದು ಹಾಕಿದ್ದೇವೆ. ಆದರೆ ‘ಸಾಂದ್ರತೆಯನ್ನು 0.4ರಿಂದ 0.6 ಮಿ.ಮೀ.ಗೆ ಏರಿಸಿದರೆ ಹೊಲಿಗೆ ತೆಳುವಾಗುತ್ತದೆ’ ಎಂಬ ವಾಕ್ಯ ತಲೆಕೆಳಗಾಗಿ ಕಾಣುತ್ತದೆ. ಬೇರೆ ಪದ ಬೇಕೇ? ಬಟ್ಟೆ ಬಿಗಿದ ರಿಂಗನ್ನು ಕೈಯಿಂದ ಆಡಿಸಿ ಮಾಡುವ ಮೆಷಿನ್ ಕಸೂತಿಗೂ ಅದು ಹೊಂದುತ್ತದೆಯೇ?

ಉತ್ತರ: ನಿಮ್ಮ ವಾಕ್ಯದ ವಿಷಯ ಸರಿಯಾಗಿಯೇ ಇದೆ, ಎಡವಿರುವುದು ಪದ. ಮಿ.ಮೀ.ನಲ್ಲಿ ಕೊಟ್ಟ ಡೆನ್ಸಿಟಿ ದಟ್ಟಣೆಯ ಅಳತೆಯಲ್ಲ, ನಡುವೆ ಬಿಟ್ಟ ಜಾಗದ ಅಳತೆ. ಸ್ಯಾಟಿನ್ ಹೊಲಿಗೆಯಲ್ಲಿ (ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಿಬರುತ್ತಾ ಜಾಗ ತುಂಬುವ ಹೊಲಿಗೆ) ಸಾಮಾನ್ಯವಾಗಿ ಒಂದೇ ಅಂಚಿನಲ್ಲಿ ಸೂಜಿ ಚುಚ್ಚುವ ಎರಡು ತೂತುಗಳ ನಡುವಿನ ದೂರ. ಹಾಗಾಗಿ ‘ಎಳೆ ಅಂತರ’ ಎನ್ನಿ. 40ನೇ ನಂಬರಿನ ರೇಯಾನ್ ದಾರಕ್ಕೆ 0.4 ರೂಢಿಯ ಅಂತರ. 0.3ಕ್ಕೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಮೂರನೇ ಒಂದು ಪಾಲು ಹೆಚ್ಚು ಹೊಲಿಗೆ ಬೀಳುತ್ತದೆ. ತೆಳು ಬಟ್ಟೆ ಸುಕ್ಕಾಗುತ್ತದೆ, ಕಸೂತಿ ಬಿರುಸಾಗುತ್ತದೆ, ದಾರ ಪದೇಪದೇ ಕಡಿಯುತ್ತದೆ.

ಆದರೆ ಕೆಲವು ತಂತ್ರಾಂಶಗಳು ಮಿ.ಮೀ.ಗೆ ಎಷ್ಟು ಸಾಲು ಎಂದು ಎಣಿಸುತ್ತವೆ, 4.5 ಸಾಲು ಎಂಬಂತೆ. ಅಲ್ಲಿ ಅಂಕಿ ಏರಿದಷ್ಟೂ ಹೊಲಿಗೆ ಒತ್ತಾಗುವುದರಿಂದ ‘ಸಾಂದ್ರತೆ’ ಒಪ್ಪುತ್ತದೆ (ಭೌತಶಾಸ್ತ್ರದ ಪಠ್ಯಪುಸ್ತಕದ ವಾಸನೆ ಇದ್ದರೂ!). ಮೊದಲು ಏಕಮಾನ ನೋಡಿ, ಆಮೇಲೆ ಪದ ಆರಿಸಿ. ‘ಹೊಲಿಗೆಯ ಉದ್ದ’ವನ್ನು ಇದರೊಂದಿಗೆ ಬೆರೆಸಬೇಡಿ, ಅದು ಒಂದು ಚುಚ್ಚಿನಿಂದ ಮುಂದಿನ ಚುಚ್ಚಿಗಿರುವ ದೂರ.

ರಿಂಗು ಆಡಿಸುವ ಕೆಲಸದಲ್ಲಿ ಈ ಅಂಕಿಯೇ ಇಲ್ಲ. ಬಟ್ಟೆ ತಳ್ಳುವ ಹಲ್ಲನ್ನು ಕೆಳಗಿಳಿಸಿರುತ್ತಾರೆ, ಆದ್ದರಿಂದ ಹೊಲಿಗೆ ಉದ್ದದ ತಿರುಗಣೆಗೂ ಕೆಲಸವಿಲ್ಲ. ಕಾಲಿನ ವೇಗ, ಕೈಯ ವೇಗ ಎರಡೂ ಸೇರಿ ಅಂತರವನ್ನು ತೀರ್ಮಾನಿಸುತ್ತವೆ. ಮೆಷಿನ್ ನಿಮಿಷಕ್ಕೆ 600 ಚುಚ್ಚು ಓಡುತ್ತಾ ಜಿಗ್‌ಜಾಗ್ ಹಾಕುವಾಗ ಒಂದೊಂದು ಅಂಚಿಗೆ ಸೆಕೆಂಡಿಗೆ ಐದು ಚುಚ್ಚು ಬೀಳುತ್ತವೆ, ರಿಂಗು ಸೆಕೆಂಡಿಗೆ 2 ಮಿ.ಮೀ. ಸರಿದರೆ ಅದೇ 0.4 ಸಿಗುತ್ತದೆ. ಕೈ ತಡೆದರೆ ಎಳೆಗಳು ಗುಪ್ಪೆಯಾಗುತ್ತವೆ, ಅವಸರಿಸಿದರೆ ನಡುವೆ ಬಟ್ಟೆ ಇಣುಕುತ್ತದೆ. ಇಲ್ಲಿ ‘ಒತ್ತಾಗಿ’, ‘ಬಿಡಿಬಿಡಿಯಾಗಿ’ ಎಂದರೆ ಸಾಕು.

ಯಂತ್ರದ ಪರದೆಯಲ್ಲಿ ಡೆನ್ಸಿಟಿ ಎಂದೇ ಇರುವುದರಿಂದ ಮೊದಲ ಸಲ ಎರಡೂ ಪದ ಕೊಡಿ. ಗಾತ್ರ ಬದಲಿಸುವ ಅಧ್ಯಾಯಕ್ಕೂ ‘ಅಂತರ’ವೇ ಅನುಕೂಲ: ಹೊಲಿಗೆಗಳನ್ನು ಮರುಎಣಿಕೆ ಮಾಡದ ಯಂತ್ರದಲ್ಲಿ ಡಿಎಸ್‌ಟಿ ಕಡತವನ್ನು (ವಿನ್ಯಾಸದ ಹೊಲಿಗೆಗಳನ್ನು ಒಂದೊಂದಾಗಿ ದಾಖಲಿಸಿದ ಕಡತ) 120 ಪ್ರತಿಶತಕ್ಕೆ ಹಿಗ್ಗಿಸಿದರೆ 0.4 ಇದ್ದ ಅಂತರ 0.48 ಆಗುತ್ತದೆ.