ಹೋಮ್ ಪೇಜಲ್ಲಿ ಅಡಿಕೆ ಧಾರಣೆ ಟೇಬಲ್ ಮಾತ್ರ ಬದಲಾಗ್ಬೇಕು, ಆದ್ರೆ ಪೇಜೊಳಗೆ ಇನ್ನೊಂದು ಪೇಜ್ ಬರ್ತಿದೆ

ತೋಟದಮನೆ_ಡೆವ್:
ಎಲ್ರಿಗೂ ನಮಸ್ಕಾರ. ನಮ್ ಕಡೆ ಸುದ್ದಿ, ಜೊತೆಗೆ ಅಡಿಕೆ ಧಾರಣೆ ಹಾಕೋ ಒಂದು ಸಣ್ಣ ಸೈಟ್ ಮಾಡ್ತಿದೀನಿ. ಪೇಜ್ ತಯಾರಿಸೋಕೆ ಜಾಂಗೋ (ಪೈಥಾನ್ ಫ್ರೇಮ್‌ವರ್ಕ್), ಅದರ ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್, 1 ಜಿಬಿ ರ್‍ಯಾಮ್ ಇರೋ ವಿಪಿಎಸ್ (ಬಾಡಿಗೆ ಸರ್ವರ್) ಅಷ್ಟೇ. ಹೋಮ್ ಪೇಜ್ ಪೂರ್ತಿ ಸರ್ವರಲ್ಲೇ ರೆಂಡರ್ ಆಗಿ ಬರತ್ತೆ, ಮೇಲೆ ಸುದ್ದಿ, ಪಕ್ಕದಲ್ಲಿ ಧಾರಣೆ ಟೇಬಲ್, ಟೇಬಲ್ ತಲೆ ಮೇಲೆ ಶಿವಮೊಗ್ಗ, ಸಾಗರ, ಶಿರಸಿ ಅಂತ ಮೂರು ಬಟನ್. ಬಟನ್ ಒತ್ತಿದ್ರೆ ಟೇಬಲ್ ಮಾತ್ರ ಬದಲಾಗ್ಲಿ ಅಂತ ಎಚ್‌ಟಿಎಂಎಕ್ಸ್ (ಪೇಜಿನ ಒಂದು ಭಾಗ ಮಾತ್ರ ಬದಲಾಯಿಸೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಹಾಕ್ದೆ, ಎಲ್ಲಿಂದ ತರ್ಬೇಕು ಅಂತ ಹೇಳೋ ಎಚ್‌ಎಕ್ಸ್-ಗೆಟ್‌ಗೆ ಹೋಮ್ ಪೇಜಿನ ಯುಆರ್‌ಎಲ್‌ನೇ ಕೊಟ್ಟು ಕೊನೇಲಿ ಮಾರುಕಟ್ಟೆ ಹೆಸರು ಸೇರಿಸಿದೀನಿ, ಅಡ್ರೆಸ್ ಬಾರ್ ಬದಲಾಯಿಸೋ ಪುಶ್-ಯುಆರ್‌ಎಲ್ ಕೂಡ ಆನ್ ಇದೆ. ಈಗ ಶಿರಸಿ ಒತ್ತಿದ್ರೆ ಟೇಬಲ್ ಜಾಗದಲ್ಲಿ ಲೋಗೋ, ಮೆನು, ಸುದ್ದಿ ಎಲ್ಲಾ ಸೇರಿ ಇಡೀ ಹೋಮ್ ಪೇಜೇ ಬಂದು ಕೂತ್ಕೊಳತ್ತೆ. ಫ್ರೆಂಡ್ ಒಬ್ಬ ಇದೆಲ್ಲ ಬಿಟ್ಟು ಬ್ರೌಸರಲ್ಲೇ ಪೇಜ್ ಕಟ್ಟೋ ರಿಯಾಕ್ಟ್‌ಗೆ ಹೋಗು ಅಂತ ತಲೆ ತಿಂತಿದಾನೆ, ಮೂರು ಬಟನ್‌ಗೆ ಅಷ್ಟೆಲ್ಲಾ ಬೇಕಾ?

ಅರ್ಧ_ಸ್ಟ್ಯಾಕ್:
ಬೇಡ ಗುರು, ಆರಾಮಾಗಿರು. ಎಚ್‌ಟಿಎಂಎಕ್ಸ್ ಕಳ್ಸೋ ಪ್ರತಿ ರಿಕ್ವೆಸ್ಟಲ್ಲೂ ಎಚ್‌ಎಕ್ಸ್-ರಿಕ್ವೆಸ್ಟ್ ಅನ್ನೋ ಹೆಡರ್ (ಜೊತೆಗೆ ಹೋಗೋ ಒಂದು ಚೀಟಿ) ಇರತ್ತೆ. ವ್ಯೂ (ಉತ್ತರ ತಯಾರಿಸೋ ಜಾಂಗೋ ಕೋಡ್) ಒಳಗೆ ಒಂದು ಇಫ್ ಹಾಕು, ಹೆಡರ್ ಇದ್ರೆ ಟೇಬಲ್ ಟೆಂಪ್ಲೇಟ್ ಮಾತ್ರ ರೆಂಡರ್ ಮಾಡು, ಇಲ್ದಿದ್ರೆ ಪೂರ್ತಿ ಪೇಜ್. ಟೇಬಲ್ ಎಚ್‌ಟಿಎಂಎಲ್‌ನ ಎರಡು ಕಡೆ ಬರೀಬೇಡ ಮತ್ತೆ, ಬೇರೆ ಫೈಲಿಗೆ ಹಾಕಿ ಇನ್‌ಕ್ಲೂಡ್ ಮಾಡ್ಕೊ. ಜಾಂಗೋ 6.0 ಆದ್ರೆ ಪಾರ್ಷಿಯಲ್‌ಡೆಫ್ ಅನ್ನೋ ಟ್ಯಾಗ್ ಒಳಗೇ ಬಂದಿದೆ, ಅದೇ ಫೈಲಲ್ಲಿ ಇಟ್ಕೊಂಡು ಆ ತುಂಡು ಮಾತ್ರ ಕಳಿಸ್ಬೋದು.

ತೋಟದಮನೆ_ಡೆವ್:
ಥ್ಯಾಂಕ್ಸ್ ಗುರು, ಟೇಬಲ್ ಸರಿಯಾಗಿ ಬರ್ತಿದೆ. ಆದ್ರೆ ಈಗ ಇನ್ನೊಂದು ಶುರುವಾಯ್ತು. ಶಿರಸಿ ಒತ್ತಿ, ಆಮೇಲೆ ಒಂದು ಸುದ್ದಿ ಓಪನ್ ಮಾಡಿ, ಬ್ಯಾಕ್ ಒತ್ತಿದ್ರೆ ಕ್ರೋಮಲ್ಲಿ ಬರೀ ಟೇಬಲ್ ಕಾಣತ್ತೆ, ಸ್ಟೈಲ್ ಇಲ್ಲ ಮೆನು ಇಲ್ಲ, ಬಿಳೀ ಹಾಳೆ ಮೇಲೆ ರಾಶಿ, ಚಾಲಿ, ಕೆಂಪುಗೋಟು ಅಂತ ಒಂದಷ್ಟು ಸಾಲು. ರಿಫ್ರೆಶ್ ಮಾಡಿದ್ರೆ ಸರಿ ಹೋಗತ್ತೆ. ಕೆಲವು ಸಲ ಬರತ್ತೆ ಕೆಲವು ಸಲ ಬರಲ್ಲ, ಅದೇ ತಲೆಬಿಸಿ.

ಕ್ಯಾಶ್_ಇಲ್ಲದವ:
ಮೇಲಿನ ಸಲಹೆ ಓದಿದಾಗ್ಲೇ ಇದು ಬರತ್ತೆ ಅನ್ಕೊಂಡೆ. ಈಗ ನಿಮ್ ಒಂದೇ ಯುಆರ್‌ಎಲ್‌ಗೆ ಎರಡು ಥರ ಉತ್ತರ ಇದೆ, ಹೆಡರ್ ನೋಡ್ಕೊಂಡು ಒಂದ್ಸಲ ತುಂಡು, ಒಂದ್ಸಲ ಪೂರ್ತಿ. ಒಂದೇ ಡೋರ್ ನಂಬರ್‌ಗೆ ಎರಡು ಮನೆ ಇದ್ರೆ ಪೋಸ್ಟ್‌ಮ್ಯಾನ್ ಪಾಡೇನು ಹೇಳಿ. ಬ್ರೌಸರ್ ಕ್ಯಾಶಲ್ಲಿ (ಮತ್ತೆ ತರಿಸೋದು ತಪ್ಪಿಸೋಕೆ ಪ್ರತಿ ಉಳಿಸ್ಕೊಳೋ ಜಾಗ) ಆ ಯುಆರ್‌ಎಲ್ ಹೆಸರಲ್ಲಿ ಕೊನೇಗೆ ಇಟ್ಕೊಂಡಿದ್ದು ತುಂಡು, ಬ್ಯಾಕ್ ಒತ್ತಿದಾಗ ಅದನ್ನೇ ತೆಗ್ದು ತೋರಿಸ್ತು. ಕ್ಯಾಶಲ್ಲಿ ಆಗ ಏನಿತ್ತು ಅನ್ನೋದರ ಮೇಲೆ ಹೋಗತ್ತೆ, ಅದಕ್ಕೇ ಕೆಲವು ಸಲ ಮಾತ್ರ.

ಎರಡು ದಾರಿ ಇದೆ. ರೆಸ್ಪಾನ್ಸಲ್ಲಿ ಯಾವ ಹೆಡರ್ ನೋಡಿ ಉತ್ತರ ಬದಲಾಗತ್ತೆ ಅಂತ ಹೇಳೋ ವೇರಿ ಹೆಡರ್‌ಗೆ ಎಚ್‌ಎಕ್ಸ್-ರಿಕ್ವೆಸ್ಟ್ ಅಂತ ಹಾಕಿದ್ರೆ ಬ್ರೌಸರ್ ಎರಡನ್ನೂ ಬೇರೆ ಬೇರೆ ಅಂತ ನೋಡತ್ತೆ. ಆದ್ರೆ ನಾಳೆ ಮುಂದೆ ಸಿಡಿಎನ್ (ಪೇಜಿನ ಪ್ರತಿ ಇಟ್ಕೊಂಡು ಹತ್ರದಿಂದ ಕೊಡೋ ಸರ್ವರ್‌ಗಳು) ಕೂರಿಸಿದ್ರೆ ಎಲ್ಲಾ ಸಿಡಿಎನ್ನೂ ವೇರಿಯನ್ನ ಪೂರ್ತಿ ಲೆಕ್ಕಕ್ಕೆ ತಗೊಳಲ್ಲ, ಹಂಗಾಗಿ ನಂಗೆ ಇಷ್ಟ ಆಗೋದು ತುಂಡಿಗೆ ಅದರದ್ದೇ ಯುಆರ್‌ಎಲ್ ಕೊಡೋದು. ಎಚ್‌ಎಕ್ಸ್-ಗೆಟ್‌ಗೆ ಆ ತುಂಡಿನ ಯುಆರ್‌ಎಲ್, ಪುಶ್-ಯುಆರ್‌ಎಲ್‌ಗೆ ಟ್ರೂ ಅನ್ನೋ ಬದಲು ಹೋಮ್ ಪೇಜಿನ ಯುಆರ್‌ಎಲ್‌ನೇ ಬರೀರಿ, ಅಲ್ಲಿ ಯುಆರ್‌ಎಲ್ ಕೊಡೋಕೆ ಅವಕಾಶ ಇದೆ. ಬಟನ್ ಬದಲು ಲಿಂಕ್ ಮಾಡಿ ಎಚ್‌ರೆಫ್‌ನಲ್ಲೂ ಹೋಮ್ ಪೇಜಿಂದೇ ಹಾಕಿ, ಹಳ್ಳಿ ನೆಟ್‌ವರ್ಕಲ್ಲಿ ಸ್ಕ್ರಿಪ್ಟ್ ಲೋಡ್ ಆಗದೇ ಹೋದ್ರೂ ಪೇಜ್ ಕೆಲಸ ಮಾಡತ್ತೆ.

ಇನ್ನೊಂದು, ಹೆಡರ್ ಚೆಕ್ ಹಂಗೇ ಇಟ್ಕೊಳೋದಾದ್ರೆ: ಎಚ್‌ಟಿಎಂಎಕ್ಸ್ ಹಿಸ್ಟರಿಗೆ ಅಂತ ತಾನೇ 10 ಪೇಜ್ ಉಳಿಸ್ಕೊಳತ್ತೆ, ಅದರಲ್ಲಿ ಸಿಗದಿದ್ರೆ ಸರ್ವರ್‌ಗೆ ಕೇಳತ್ತೆ, ಆಗ ಹಿಸ್ಟರಿ-ರಿಸ್ಟೋರ್-ರಿಕ್ವೆಸ್ಟ್ ಅಂತ ಇನ್ನೊಂದು ಹೆಡರೂ ಬರತ್ತೆ. ಅದು ಬಂದಾಗ ಪೂರ್ತಿ ಪೇಜ್ ಕೊಡ್ಬೇಕು. ಬರೀ ಮೊದಲ್ನೇ ಹೆಡರ್ ನೋಡಿ ತುಂಡು ಕಳಿಸಿದ್ರೆ ಮತ್ತೆ ಇದೇ ಗೋಳು.

ಹಳೇ_ಪಿಎಚ್‌ಪಿ:
ಇಷ್ಟೆಲ್ಲಾ ಯಾಕ್ರೀ ಮಾರಾಯ್ರೆ. ನಾವು ಜೆಕ್ವೆರಿ (ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಾಲದಲ್ಲಿ ಲೋಡ್ ಅಂತ ಒಂದು ಫಂಕ್ಷನ್ ಕರೆದು ಯುಆರ್‌ಎಲ್ ಪಕ್ಕ ಒಂದು ಐಡಿ ಬರೀತಿದ್ವಿ, ಇಡೀ ಪೇಜ್ ತರಿಸ್ಕೊಂಡು ಅದರಿಂದ ಆ ಐಡಿ ಇರೋ ಭಾಗ ಮಾತ್ರ ಕಿತ್ತು ಹಾಕೋದು. ಎಚ್‌ಟಿಎಂಎಕ್ಸಲ್ಲಿ ಅದಕ್ಕೇ ಎಚ್‌ಎಕ್ಸ್-ಸೆಲೆಕ್ಟ್ ಇರೋದು. ಸರ್ವರ್ ಯಾವತ್ತೂ ಪೂರ್ತಿ ಪೇಜೇ ಕೊಡ್ಲಿ, ಇಫ್ ಬೇಡ, ವೇರಿ ಬೇಡ, ಒಂದು ಯುಆರ್‌ಎಲ್‌ಗೆ ಒಂದೇ ಉತ್ತರ, ಬ್ಯಾಕ್ ಬಟನ್ ಕಥೆನೇ ಹುಟ್ಟಲ್ಲ. ಸ್ವಾಪ್ (ಹಳೇದರ ಜಾಗಕ್ಕೆ ಹೊಸದು ಹಾಕೋ ರೀತಿ) ಮಾತ್ರ ಔಟರ್‌ಎಚ್‌ಟಿಎಂಎಲ್, ಅಂದ್ರೆ ಡಿವ್ ಸಮೇತ ಬದಲಾಗೋ ಥರ ಹಾಕಿ, ಇಲ್ಲಾಂದ್ರೆ ಟೇಬಲ್ ಡಿವ್ ಒಳಗೆ ಅದೇ ಐಡಿ ಇರೋ ಇನ್ನೊಂದು ಡಿವ್ ಸೇರ್ಕೊಳತ್ತೆ. ಪೇಜ್ ಬದಲಾಗದೇ ಹಿನ್ನೆಲೇಲಿ ಬ್ರೌಸರಿಂದ ರಿಕ್ವೆಸ್ಟ್ ಕಳ್ಸೋದು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಬಂತು, 2005ರಲ್ಲಿ ಅದಕ್ಕೆ ಅಜಾಕ್ಸ್ ಅಂತ ಹೆಸರಿಟ್ರು, ಈಗ ಅದನ್ನೇ ಹೊಸದು ಅಂತ ಕಾನ್ಫರೆನ್ಸಲ್ಲಿ ಮಾತಾಡ್ತಾರೆ 😀

ಅರ್ಧ_ಸ್ಟ್ಯಾಕ್:
ಅಣ್ಣ, ಆದ್ರೆ ನಾಲ್ಕು ಸಾಲಿನ ಟೇಬಲ್‌ಗೆ ಪ್ರತಿ ಸಲ ಸುದ್ದಿ ಕ್ವೆರಿ ಎಲ್ಲಾ ಓಡ್ಬೇಕಲ್ವಾ, 1 ಜಿಬಿ ಮೆಷಿನ್ ಅದು.

ಹಳೇ_ಪಿಎಚ್‌ಪಿ:
ಎಂಜಿನ್‌ಎಕ್ಸಲ್ಲೇ ಒಂದು ನಿಮಿಷ ಕ್ಯಾಶ್ ಮಾಡ್ಲಿ ಬಿಡಪ್ಪ. ಮೂರು ಮಾರುಕಟ್ಟೆ ಅಂದ್ರೆ ಮೂರು ಪೇಜ್, ಜನ ಎಷ್ಟೇ ಒತ್ತಿದ್ರೂ ಜಾಂಗೋವರೆಗೂ ಹೋಗೋದು ನಿಮಿಷಕ್ಕೆ ಹತ್ರ ಹತ್ರ ಮೂರೇ ಸಲ. ಒಂದೇ ಎಚ್ಚರಿಕೆ, ಹೋಮ್ ಪೇಜಲ್ಲಿ ಕಾಮೆಂಟೋ ಲಾಗಿನ್ನೋ ಫಾರ್ಮ್ ಇಟ್ಟು ಸಿಎಸ್‌ಆರ್‌ಎಫ್ ಟೋಕನ್ (ನಕಲಿ ಫಾರ್ಮ್ ತಡೆಯೋ ಗುಟ್ಟಿನ ಕೋಡ್) ಹಾಕಿದ್ರೆ ಜಾಂಗೋ ಕುಕಿ ಸೆಟ್ ಮಾಡತ್ತೆ, ಸೆಟ್-ಕುಕಿ ಇರೋ ಉತ್ತರನ ಎಂಜಿನ್‌ಎಕ್ಸ್ ಕ್ಯಾಶಿಗೆ ಹಾಕಲ್ಲ. ಫಾರ್ಮ್ ಬೇರೆ ಪೇಜಲ್ಲಿರ್ಲಿ.

ಕ್ಯಾಶ್_ಇಲ್ಲದವ:
ಈ ಸೈಟ್‌ಗೆ ಹಳೇಯವ್ರು ಹೇಳಿದ್ದೇ ಸರಿ, ಒಪ್ತೀನಿ. ಲಾಗಿನ್ ಬಂದು ಒಬ್ಬೊಬ್ರಿಗೆ ಒಂದೊಂದು ಪೇಜ್ ಆದಾಗ ಕ್ಯಾಶ್ ಆಟ ನಡೆಯಲ್ಲ, ಆಗ ತುಂಡಿಗೆ ಬೇರೆ ಯುಆರ್‌ಎಲ್ ಮಾಡ್ಕೊಳಿ.

ತೋಟದಮನೆ_ಡೆವ್:
ಸೆಲೆಕ್ಟ್ ಹಾಕಿದೆ, ವ್ಯೂ ಮೊದಲಿನ ಥರಾನೇ ಆಯ್ತು, ಬ್ಯಾಕ್ ಕೂಡ ಸರಿ. ಇನ್ನೆರಡು ಇದೆ. ಶಿವಮೊಗ್ಗಕ್ಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಸಾಲು ಕಮ್ಮಿ, ಶಿರಸಿಗೆ ಜಾಸ್ತಿ, ಬದಲಾಯಿಸ್ದಾಗ ಮೊಬೈಲಲ್ಲಿ ಕೆಳಗಿನ ಸುದ್ದಿ ಎಲ್ಲಾ ಕುಣಿಯತ್ತೆ. ಆಮೇಲೆ ಟೇಬಲ್ ತಾನೇ 30 ಸೆಕೆಂಡಿಗೊಂದ್ಸಲ ಅಪ್‌ಡೇಟ್ ಆಗೋ ಥರ ಮಾಡೋದು ಹೆಂಗೆ?

ಕ್ಯಾಶ್_ಇಲ್ಲದವ:
ಕುಣಿಯೋದಕ್ಕೆ ಟೇಬಲ್ ಡಿವ್‌ಗೆ ಅತೀ ಉದ್ದದ ಪಟ್ಟಿ ಹಿಡಿಯೋವಷ್ಟು ಮಿನ್-ಹೈಟ್ ಕೊಡಿ. ಹಂಗೇ ಏರಿಯಾ-ಲೈವ್ ಪೊಲೈಟ್ ಹಾಕಿದ್ರೆ ಸ್ಕ್ರೀನ್ ರೀಡರ್ ಬಳಸೋರಿಗೂ ದರ ಬದಲಾಗಿದ್ದು ಗೊತ್ತಾಗತ್ತೆ, ಆದ್ರೆ ಹೊರಗಿನ ಡಿವ್‌ಗೆ ಹಾಕಿ, ಸ್ವಾಪ್ ಆಗೋ ಡಿವ್‌ಗೆ ಹಾಕಿದ್ರೆ ಅದೂ ಜೊತೇಲೇ ಹೋಗತ್ತೆ.

30 ಸೆಕೆಂಡ್ ಯಾಕೆ ಬೇಕು? ಟೆಂಡರ್ ಮುಗಿದ್ಮೇಲೆ ತಾನೆ ಆವತ್ತಿನ ಧಾರಣೆ ಬರೋದು, ಅದಕ್ಕೆ ದಿನಪೂರ್ತಿ ಸರ್ವರ್ ಬಾಗಿಲು ಬಡಿಯೋದು ದಂಡ. ಎಲೆಕ್ಷನ್ ಎಣಿಕೆ ದಿನ ಬೇಕಿದ್ರೆ ಮಾಡಿ. ಟ್ರಿಗರ್‌ನಲ್ಲಿ ಎವ್ರಿ 30ಎಸ್, ಪಕ್ಕದಲ್ಲಿ ಟ್ಯಾಬ್ ಕಾಣ್ತಿದ್ರೆ ಮಾತ್ರ ಅನ್ನೋ ಕಂಡೀಶನ್. ಎಣಿಕೆ ಮುಗಿದ್ಮೇಲೆ ಸರ್ವರಿಂದ ಮಾಮೂಲಿ 200 ಬದಲು 286 ಸ್ಟೇಟಸ್ ಕಳ್ಸಿ, ಅದು ಎಚ್‌ಟಿಎಂಎಕ್ಸ್‌ದೇ ಸ್ವಂತ ಕೋಡ್, ನೋಡಿದ ತಕ್ಷಣ ಪೋಲಿಂಗ್ (ಹೀಗೆ ಮತ್ತೆ ಮತ್ತೆ ಸರ್ವರ್‌ನ ಕೇಳೋದು) ನಿಲ್ಲಿಸತ್ತೆ.

ತೋಟದಮನೆ_ಡೆವ್:
ಸರಿ, ಪೋಲಿಂಗ್ ಬಿಟ್ಟೆ. ಧಾರಣೆ ಕೆಳಗೆ ಯಾವ ದಿನದ್ದು ಅಂತ ತಾರೀಖು ಹಾಕ್ತೀನಿ ಸಾಕು.